ಮೂರನೆಯ ಗುಂಡಿ

ಎದುರಿನ ರಸ್ತೆಯಲ್ಲಿ ಹೋಗುವವರ ಸೊಂಟದ ಅಳತೆಯನ್ನು ಅಂಗಡಿಯಲ್ಲಿ ಕೂತೇ ಹೇಳಬಲ್ಲ ದರ್ಜಿ ಅವಳು. ಹೊಸದು ಹೊಲಿಯುವುದಕ್ಕಿಂತ ಹಳೆಯದನ್ನು ಹಿಡಿಯುವುದು, ಬಿಡಿಸುವುದೇ ಅವಳ ಕಸುಬು. ಕೂತು ತಿಂದು ಉಬ್ಬಿದವರು, ಜ್ವರ ಬಂದು ಇಳಿದವರು, ಎಲ್ಲರೂ ಅವಳಲ್ಲಿಗೇ ಬರಬೇಕು. “ಟೇಪು ನನ್ನ ಕಣ್ಣಲ್ಲೇ ಇದೆ” ಎಂದು ಅವಳು ಜಂಬ ಕೊಚ್ಚಿಕೊಳ್ಳುತ್ತಿದ್ದುದು ಸುಳ್ಳೇನಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದೂ ಸುಳ್ಳಲ್ಲ.

ಅವಳಿಗಿದ್ದ ಇನ್ನೊಂದು ಹುಚ್ಚು ಸೈಕಲ್ಲಿನದು. ಒಮ್ಮೆ ಜಾರಿ ಬಿದ್ದು ತೋಳಿನ ಮೂಳೆ ಮುರಿದ ಮೇಲೆ ಹ್ಯಾಂಡಲ್ಲು ಹಿಡಿದರೆ ಸಾಕು, ಕೈ ನಡುಗುತ್ತಿತ್ತು. ರಜೆಯ ದಿನ ದೂರ ಹೋಗುವ ಸೈಕಲ್ ಗುಂಪಿನವರು ಒಬ್ಬರ ಹಿಂದೆ ಒಬ್ಬರು ಗೇಣು ಜಾಗ ಬಿಟ್ಟು ಓಡಿಸುವವರು. ಒಬ್ಬರು ಅಲುಗಿದರೆ ಸಾಲಿಗೆ ಸಾಲೇ ನೆಲಕ್ಕೆ. “ಕೈ ನಡುಕ ಹೋದ್ಮೇಲೆ ಬನ್ನಿ” ಎಂದು ಮರ್ಯಾದೆಯಾಗಿಯೇ ವಾಪಸು ಕಳಿಸಿದರು. ಆ ಸಾಲಿಗೆ ಸೇರಿಯೇ ತೀರಬೇಕೆಂಬ ಹಠ ಅವಳಿಗೆ ಹಿಡಿದದ್ದು ಅವತ್ತೇ.

ಮನೆಯಲ್ಲಿದ್ದುದು ಅವಳು ಮತ್ತು ಅಪ್ಪ, ಇಬ್ಬರೇ. ಅಪ್ಪ ಒಂದು ಕಾಲದಲ್ಲಿ ಸೈಕಲ್ ಪಂದ್ಯದ ಸವಾರ. ಅಟ್ಟದಿಂದ ತನ್ನ ಹಳೆಯ ರೋಲರ್ ಇಳಿಸಿದ. ಕಬ್ಬಿಣದ ಚೌಕಟ್ಟಿನಲ್ಲಿ ಉರುಳುವ ಮೂರು ದಪ್ಪ ಕೊಳವೆಗಳು, ಅವುಗಳ ಮೇಲೆ ಸೈಕಲ್ಲು. ಎಷ್ಟು ತುಳಿದರೂ ಇದ್ದಲ್ಲೇ. ಸೈಕಲ್ಲನ್ನು ಹಿಡಿದು ನಿಲ್ಲಿಸುವಂಥದ್ದು ಏನೂ ಇಲ್ಲ, ಬೀಳುವುದು ಬಿಡುವುದು ಸವಾರನ ಪಾಡು. ವಾಲಿದರೆ ಮೊಣಕೈಗೆ ಬಾಗಿಲುವಾಡವಾದರೂ ಸಿಗಲಿ ಎಂದು ಅದನ್ನು ತನ್ನ ಕೋಣೆಯ ಬಾಗಿಲಿನಲ್ಲಿಟ್ಟು, ತಾನು ಒಳಗೆ ಎದುರಿಗೆ ಕುರ್ಚಿ ಹಾಕಿ ಕೂತ.

ಮೊದಮೊದಲು ಅವಳು ಮುಂದಿನ ಚಕ್ರವನ್ನೇ ನೋಡುತ್ತಿದ್ದಳು, ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿದ್ದಳು.

“ನೆಲ ನೋಡಿದೋರು ನೆಲಕ್ಕೇ ಬೀಳೋದು. ನನ್ನ ನೋಡು” ಎಂದ ಅಪ್ಪ.

ನೋಡಿದರೆ ಅವನು ಹುಬ್ಬು ಕುಣಿಸುತ್ತಿದ್ದ. ಅವಳಿಗೆ ನಗು ತಡೆಯಲಾಗದೆ ಮತ್ತೆ ಬಾಗಿಲೇ ಗತಿ.

“ಮುಖದ ಸಹವಾಸ ಬೇಡ ಬಿಡು. ಅಂಗಿಯ ಮೂರನೇ ಗುಂಡಿ ನೋಡು. ಅದೊಂದೇ. ಬೇರೆ ಏನೂ ಕಾಣಬಾರದು ನಿಂಗೆ.”

ಈ ಉಪಾಯ ಫಲಿಸಿತು. ಅಂಗಡಿ ಮುಚ್ಚಿ ಬಂದ ಕೂಡಲೇ ಅವಳು ಸೈಕಲ್ಲು ಹತ್ತುವಳು. ಅಪ್ಪ ದಿನಾ ಅದೇ ಅಂಗಿ ತೊಟ್ಟು, ಕೆಮ್ಮು ಬಂದರೂ ನುಂಗಿಕೊಂಡು, ಗೊಂಬೆಯಂತೆ ಕೂರುವನು. ಅವಳ ಕಣ್ಣಿಗೆ ಆ ಗುಂಡಿ, ಅಪ್ಪನೇ ಹಾಕಿಕೊಂಡಿದ್ದ ಅದರ ವಕ್ರ ಹೊಲಿಗೆ, ಇಷ್ಟೇ.

ಒಂದು ಸಂಜೆ ಅಪ್ಪ ಒಂದು ಪ್ಯಾಂಟು ಮಡಿಸಿ ಚೀಲದಲ್ಲಿಟ್ಟು ತಂದ. “ಸೊಂಟ ಸ್ವಲ್ಪ ಹಿಡಿಬೇಕಿತ್ತು ಮಗಳೇ. ಎರಡು ಬೆರಳು.”

“ನಾಳೆ ಮಾಡ್ತೀನಪ್ಪ. ಈಗ ಕೂತ್ಕೋ.”

“ಆಗ್ಲಿ. ದರ್ಜಿ ಮನೇಲೇ ಅಲ್ವಾ ಸಡಿಲ ಬಟ್ಟೆ” ಎಂದು ನಕ್ಕು ಕೂತ. ಆ ನಾಳೆ ಬರಲೇ ಇಲ್ಲ. ಅಂಗಡಿಗೆ ಒಯ್ದ ಚೀಲ ಅಲ್ಲಿನ ಮೊಳೆಯಲ್ಲಿ ನೇತಾಡುತ್ತಲೇ ಉಳಿಯಿತು.

ಆಮೇಲೊಂದು ವಿಚಿತ್ರ ಆಯಿತು. ಗುಂಡಿ ಇದ್ದಲ್ಲಿ ಸಿಗುತ್ತಿರಲಿಲ್ಲ, ಅವಳು ಕಣ್ಣು ತಗ್ಗಿಸಬೇಕಾಗುತ್ತಿತ್ತು. ಕಣ್ಣು ತಗ್ಗಿದೊಡನೆ ಸೈಕಲ್ಲು ಅಲುಗುತ್ತಿತ್ತು. ಸೀಟು ಮೇಲೆದ್ದಿದೆ ಎಂದುಕೊಂಡು ಸೈಕಲ್ ರಿಪೇರಿಯವನ ಹತ್ತಿರ ಒಯ್ದಳು.

“ಗುರುತು ನೋಡಿ ಅಕ್ಕ, ಸೀಟು ಕೂದಲೆಳೆಯಷ್ಟೂ ಸರಿದಿಲ್ಲ” ಎಂದ ಅವನು.

ಅವಳು ಮನೆಗೆ ಬಂದು ರಿಪೇರಿಯವನನ್ನು ಬೈದಳು. ಮರುದಿನ ಅಪ್ಪ ಕುರ್ಚಿಯ ಮೇಲೆ ಒಂದು ಕಂಬಳಿ ಮಡಿಸಿ ಹಾಕಿಕೊಂಡಿದ್ದ. “ಕುರ್ಚಿ ಒತ್ತತ್ತೆ” ಎಂದ. ಗುಂಡಿ ಮೊದಲಿನ ಎತ್ತರಕ್ಕೇ ಬಂದಿತ್ತು. ಅವಳಿಗೆ ಬೇಕಾದದ್ದೂ ಅದೇ, ಹೆಚ್ಚು ಕೇಳಲಿಲ್ಲ. ಕೆಲವು ದಿನಗಳ ಮೇಲೆ ಇನ್ನೊಂದು ಕಂಬಳಿ ಬಂತು. ಅದನ್ನೂ ಕೇಳಲಿಲ್ಲ.

ಎರಡೂ ಕೈ ಬಿಟ್ಟು ಒಂದಿಷ್ಟೂ ಅಲುಗದೆ ಓಡಿಸಿದ ಸಂಜೆಯೇ ಅತ್ತೆ ಬಂದಳು, ಅಪ್ಪನ ತಂಗಿ. ಬಹಳ ದಿನಗಳ ಮೇಲೆ ಬಂದವಳು. ಅಣ್ಣನ ಮಗಳ ಭುಜದಾಚೆ ಕೋಣೆಯೊಳಗೆ ಇಣುಕಿದಳು.

“ಇದೇನಣ್ಣ, ಅರ್ಧಕ್ಕರ್ಧ ಆಗಿದೀಯಲ್ಲ.” ಆಮೇಲೆ ಅವಳ ಕಡೆ ತಿರುಗಿದಳು. “ದಿನಾ ಎದುರಿಗೇ ಇದ್ದೀಯಲ್ಲೇ. ನಿಂಗೆ ಕಣ್ಣಿಲ್ವಾ?”

ಅವಳು ಸೈಕಲ್ಲಿನಿಂದ ಇಳಿದು, ಆಗ ನೋಡಿದಳು. ಕೆನ್ನೆ ಕುಳಿಬಿದ್ದಿತ್ತು. ಕಾಲರಿನೊಳಗೆ ಕತ್ತು ಕಡ್ಡಿಯಾಗಿತ್ತು. ಕುಸಿದ ಮೈಯನ್ನು ಎರಡು ಕಂಬಳಿ ಎತ್ತಿ ಹಿಡಿದಿದ್ದವು. ಊರಿನವರ ಸೊಂಟವನ್ನೆಲ್ಲ ಅಳೆದವಳಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

“ಯಾವಾಗಿಂದ ಇಳೀತಾ ಬಂದ್ರು?” ಎಂದು ಡಾಕ್ಟರು ಕೇಳಿದಾಗ ಅವಳು ಅತ್ತೆಯ ಮುಖ ನೋಡಿದಳು. ಕಾಯಿಲೆ ಆಗಲೇ ಹೊಟ್ಟೆಯೆಲ್ಲ ಹಬ್ಬಿತ್ತು. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು.

ಆಸ್ಪತ್ರೆಯ ಮಂಚದ ಪಕ್ಕ ಕೂತು ಕೇಳಿದಳು. “ಯಾಕಪ್ಪ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಸೈಕಲ್ಲಿಂದ ಇಳಿದುಬಿಡ್ತಿದ್ದೆ.”

ಇಳಿಯುತ್ತಿದ್ದಳೇ? ಹೌದು ಎನ್ನಬೇಕೆಂದು ಅವಳಿಗೆ ಅನಿಸಿತು. ಎಷ್ಟೋ ಸಂಜೆ “ಈಗ ಕೂತ್ಕೋ” ಎಂದವಳು ಯಾವ ಮುಖದಲ್ಲಿ ಹಾಗೆನ್ನುವುದು? ಅಪ್ಪ ಬಹಳ ದಿನ ಉಳಿಯಲಿಲ್ಲ.

ಆಮೇಲೆ ಗುಂಪಿನವರು ಅವಳನ್ನು ಸಾಲಿನ ನಟ್ಟನಡುವೆಯೇ ಸೇರಿಸಿಕೊಂಡರು. ಹಿಂದಿನವನು ಮೆಚ್ಚಿ, “ಗೆರೆ ಎಳೆದ ಹಾಗೆ ಓಡಿಸ್ತೀರಲ್ಲ, ಯಾರು ಕಲಿಸಿದ್ದು?” ಎಂದ. ಅವಳು ಮುಂದಿನವರ ಬೆನ್ನು ನೋಡುತ್ತ ತುಳಿದಳು. ಅವಳ ಕೈ ನಡುಗಲಿಲ್ಲ. ಅದಕ್ಕೇ ಅವಳಿಗೆ ಅಳು ಬಂತು.

ಅಲ್ಲಿಂದ ನೇರ ಅಂಗಡಿಗೆ ಹೋಗಿ ಮೊಳೆಯಿಂದ ಚೀಲ ಇಳಿಸಿದಳು. ಎಷ್ಟು ಹಿಡಿಯಬೇಕೆಂದು ಅಪ್ಪ ತಾನೇ ಪ್ಯಾಂಟಿನ ಸೊಂಟ ಮಡಿಸಿ ಪಿನ್ನು ಚುಚ್ಚಿಟ್ಟಿದ್ದ. ಮಡಿಕೆಯ ಮೇಲೆ ಬೆರಳಿಟ್ಟು ನೋಡಿದಳು. ಎರಡು ಬೆರಳಲ್ಲ, ಇಡೀ ಅಂಗೈ.

ಚೀಲವನ್ನು ಅವತ್ತೇ ಬಿಚ್ಚಿದ್ದರೆ ಸಾಕಿತ್ತು. ಮಿಷನ್ನಿನ ಮುಂದೆ ಕೂತು, ಆ ಸಂಜೆಗಳಲ್ಲಿ ಅಪ್ಪನ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದಳು. ಎಷ್ಟು ಹೆಣಗಿದರೂ ಅವಳಿಗೆ ನೆನಪಾದದ್ದು ಗುಂಡಿ ಮಾತ್ರ.