ಅಮಾವಾಸ್ಯೆಯ ಪಾಸ್‌ವರ್ಡ್

ಪರದೆಯ ಮೇಲೆ ಒಂದೇ ಸಾಲು ಮತ್ತೆ ಮತ್ತೆ ಬಂದು ಬೀಳುತ್ತಿತ್ತು: ಡೇಟಾಬೇಸಿಗೆ ಸಂಪರ್ಕ ಸಿಗುತ್ತಿಲ್ಲ. ಬಿಸಿಲಿಗೆ ಕೊಳಾರದ ನಮ್ಮ ತಗಡಿನ ಗೋದಾಮು ಕಾದ ಹೆಂಚಾಗಿತ್ತು. ಅಷ್ಟರಲ್ಲಿ ಹಣಮಂತಪ್ಪ ಕಾಕಾನ ಫೋನು.

“ಅಮೋಲ್, ಏನಾಯ್ತೋ ನಿಮ್ಮ ಮಷಿನ್ನಿಗಿ? ನಾಕಾದಾಗ ಲಾರಿ ನಿಂತದ. ಕುರಿ ನಾಲಿಗಿ ಹೊರಗ ಹಾಕ್ಯಾವು. ಸೂಜಿ ಹಾಕಿಸಿದ್ದು ಫೋನಿನಾಗ ತೋರಸು ಅಂತಾರ. ಇಲ್ಲಿ ನೋಡಿದ್ರ ಚಕ್ರ ತಿರಗ್ಲತದ, ತಿರಗ್ಲತದ, ಅಷ್ಟೇ.”

ಕಾಕಾ ಔರಾದ ತಾಲೂಕಿನ ಡಾಬಕಾದವನು. ಹಿಂಡನ್ನು ಮೇವಿಗೆಂದು ಮಹಾರಾಷ್ಟ್ರದ ಕಡೆ ಒಯ್ಯುತ್ತಿದ್ದ. ಔರಾದ, ಭಾಲ್ಕಿ ಕಡೆಯ ಕುರಿಗಳ ಲಸಿಕೆಯ ದಾಖಲೆಯೆಲ್ಲ ಇರುವುದು ನಮ್ಮ ಕಂಪನಿಯ ಡೇಟಾಬೇಸಿನಲ್ಲಿ. ಅದು ತೆರೆಯದಿದ್ದರೆ ಗಡಿಯ ತಪಾಸಣೆ ನಾಕಾದಲ್ಲೇ ಎಲ್ಲವಕ್ಕೂ ಮತ್ತೊಮ್ಮೆ ಸೂಜಿ. ಹಿಂಡಿನಲ್ಲಿ ಬಹಳಷ್ಟು ತುಂಬಿದ ಗಬ್ಬ. ಈ ಬಿಸಿಲಲ್ಲಿ ಅವನ್ನು ಹಿಡಿದು, ಕೆಡವಿ, ಚುಚ್ಚಿದರೆ ಹೊಟ್ಟೆಯ ಮರಿ ಉಳಿಯುವುದಿಲ್ಲ.

“ಗಬ್ಬದವು ಹಿಂದ ಹಾಕ್ರಿ ಕಾಕಾ. ಜರಾ ತಡೀರಿ.”

“ನಾ ತಡೀತೇನಿ. ಸೂಜಿ ಹಿಡದಾಂವಗ ಯಾರು ಹೇಳ್ಬೇಕು? ನಿಮ್ಮ ಕಾಕೂ ಗಂಗುಬಾಯಿ ಲಾರಿ ಬಾಗಲಕ್ಕ ಅಡ್ಡ ಕುಂತಾಳ. ಅಕೀನೂ ಎಷ್ಟೊತ್ತು ಕೂಡ್ತಾಳ?”

ನಮ್ಮದು ಒಟ್ಟಿಗೆ ದುಡಿಯುವ ಮೂರು ಯಂತ್ರಗಳ ಕ್ಲಸ್ಟರ್. ಪ್ರತಿಯೊಂದು ಪ್ರೋಗ್ರಾಮನ್ನೂ ಅದರದೇ ಕಂಟೇನರಿನಲ್ಲಿ, ಡಬ್ಬಿಯಲ್ಲಿಟ್ಟು ಮುಚ್ಚಿದ ಹಾಗೆ, ಇಟ್ಟಿರುತ್ತೇವೆ. ಒಂದು ಡಬ್ಬಿ ಬಿದ್ದರೆ ಅದರ ಜಾಗದಲ್ಲಿ ಇನ್ನೊಂದು ತಾನೇ ಏಳುತ್ತದೆ. ಬೆಳಿಗ್ಗೆ ಕರೆಂಟು ಹೋಗಿ ಬಂದ ಮೇಲೆ ಎಲ್ಲವೂ ಎದ್ದಿದ್ದವು, ಡೇಟಾಬೇಸೂ ಎದ್ದಿತ್ತು. ಆದರೂ ಒಂದರ ಮಾತು ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. ನಾನು ತಂತಿ ಕಿತ್ತು ಮತ್ತೆ ಹಾಕಿದೆ. ಡಬ್ಬಿಗಳನ್ನು ಬೀಳಿಸಿ ಎಬ್ಬಿಸಿದೆ. ಕೊನೆಗೆ ಸಿಟ್ಟೆಲ್ಲ ಭಾಲ್ಕಿಯ ಮೇಲೆ ತಿರುಗಿತು. ನಮ್ಮ ಇಂಟರ್ನೆಟ್ ಲೈನು ಬರುವುದು ಭಾಲ್ಕಿಯ ಜುನೈದನಿಂದ. ಗೋದಾಮಿನ ವೈಫೈಯಿಂದಲೇ ವಾಟ್ಸಾಪ್ ಕರೆ ಹಚ್ಚಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ.

ಅವನು ಪೂರ್ತಿ ಕೇಳಿಸಿಕೊಂಡ. “ಮುಗೀತೇನು ಭಾಯಿ? ಇಷ್ಟೊತ್ತನ ನೀ ನನಗ ಬೈದಿದ್ದು ಯಾರ ಲೈನಿನ ಮ್ಯಾಲ?”

ಫೋನು ಇಟ್ಟೆ.

ಪಕ್ಕದ ಮೇಜಿನ ಉಮಾಶ್ರೀ ನಗಲಿಲ್ಲ. ಈ ಕ್ಲಸ್ಟರನ್ನು ನನ್ನೊಂದಿಗೆ ಕಟ್ಟಿದವಳು ಅವಳು. ಡೇಟಾಬೇಸು ತನ್ನೊಳಗೆ ಬರೆದುಕೊಂಡ ಸಾಲುಗಳನ್ನು ತೆರೆದು ಓದುತ್ತಿದ್ದಳು.

“ಹೊರಗ ಏನ್ ಹುಡಕ್ಲತೀರಿ ಅಮೋಲ್? ಎಲ್ಲಾ ಡಬ್ಬಿ ಬಾಗಲತನ ಛಲೋ ಬರ್ಲತಾವ. ಪಾಸ್‌ವರ್ಡ್ ತಪ್ಪದ ಅಂತ ಡೇಟಾಬೇಸೇ ಹೊರಗ ನೂಕ್ಲತದ.”

“ಪಾಸ್‌ವರ್ಡ್ ಸೋಮವಾರನೇ ಬದಲಿ ಆಯ್ತಲ್ರಿ. ನಿನ್ನಿತನ ಹ್ಯಾಂಗ ನಡೀತು?”

“ಹಳೇ ಡಬ್ಬಿ ಹಳೇದೇ ಹಿಡಕೊಂಡು ಕುಂತಿದ್ವು, ಅದಕ್ಕ ನಡೀತು. ಇವತ್ತು ಹೊಸದಾಗಿ ಎದ್ದು ಹೊಸದು ಓದಿಕೊಂಡಾವ. ಡೇಟಾಬೇಸಿಗಿ ಮೊದಲ್ನೇ ಸಲ ಎಬ್ಬಿಸಿದಾಗ ಕೊಟ್ಟಿದ್ದೊಂದೇ ಗೊತ್ತು. ಆಮ್ಯಾಲ ನಾವು ಹೊರಗ ಏನ್ ಬದಲಿ ಮಾಡಿದ್ರೂ ಅದು ಕೇಳಂಗಿಲ್ರಿ.”

ನನ್ನ ಮೈ ಉರಿಯಿತು. ಮೊದಲ ಸಲ ಎಬ್ಬಿಸಿದ್ದು ಭಾನುವಾರ. ಅವತ್ತೇ ಎರಡೂ ತಾಲೂಕಿನ ದಾಖಲೆ ಏರಿಸಿ ಮುಗಿಸಿದ್ದೆವು. ಸೋಮವಾರ ನಮ್ಮ ಮಾಲಕ ಓಂಪ್ರಕಾಶ ಕ್ಯಾಲೆಂಡರ್ ನೋಡಿದ. ಭಾನುವಾರ ಅಮಾವಾಸ್ಯೆ! ಮುಖ ಬಿಳಚಿಕೊಂಡಿತು. ಓಡಿಹೋಗಿ ಯಾರನ್ನೋ ಕೇಳಿ ಬಂದ. ಶುರು ಮತ್ತೊಮ್ಮೆ ಆಗಬೇಕೆಂದ. ಯಂತ್ರಗಳ ಮುಂದೆ ತೆಂಗಿನಕಾಯಿ ಒಡೆಸಿದ, ನೀರು ಒಳಗೆ ಸಿಡಿಯಿತು. ನಿಂಬೆಹಣ್ಣು ಕೊಯ್ದಿಟ್ಟ. ಪಾಸ್‌ವರ್ಡ್ ಕೂಡ ಅಮಾವಾಸ್ಯೆಯದು ಬೇಡವೆಂದು, ಶುಭದ್ದೊಂದು ಬರೆಸಿ ತಂದು ಹಾಕಿಸಿದ. ಇದನ್ನೆಲ್ಲ ಮಾಡಿದ್ದು ಬಸವಣ್ಣನವರ ಆಳೆತ್ತರದ ಫೋಟೋದ ಕೆಳಗೆ ನಿಂತು. ದಿನಾ ಬೆಳಿಗ್ಗೆ ಅದಕ್ಕೆ ಊದುಬತ್ತಿ ಹಚ್ಚುವ ಕೈಯೇ ನಿಂಬೆಹಣ್ಣಿಗೆ ಕುಂಕುಮ ಮೆತ್ತಿತು. ನೋಡಲು ಹೇಸಿಗೆಯಾಗಿತ್ತು. ಆದರೂ ಪ್ರಸಾದವೆಂದು ಕೊಟ್ಟ ಕೊಬ್ಬರಿ ತಿಂದಿದ್ದೆ, ಹಸಿವಾಗಿತ್ತು.

ಉಮಾಶ್ರೀ ಹೇಳಿದ್ದನ್ನು ಓಂಪ್ರಕಾಶ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ. ನಾಚಿಕೆಯಾಗಬೇಕಿತ್ತು. ಅವನ ಮುಖದಲ್ಲಿ ಗೆದ್ದ ಕಳೆ.

“ನೋಡಿದ್ರಾ? ನಾ ಹೇಳಿದ್ನಿಲ್ಲ, ಅಮಾಸಿದ್ದು ಬಿಡಂಗಿಲ್ಲ ಅಂತ? ಅದರ ಡಿಸ್ಕ್ ಪೂರಾ ಅಳಸು. ಹೊಸದಾಗಿ ಎಬ್ಬಿಸು. ಇವತ್ತು ಸಂಜಿಗಿ ಟೈಮ್ ಛಲೋ ಅದ.”

“ಒಳಗಿನ ದಾಖಲೆರಿ?”

“ಹುಡುಗರ್ನ ಊರೂರಿಗಿ ಕಳಸಿ ಮತ್ತ ಬರಸಿಕೊಂಡ್ರಾಯ್ತು.”

ನಕಲು ಇಡಲು ಇನ್ನೊಂದು ಡಿಸ್ಕು ಬೇಕೆಂದು ಎಷ್ಟು ಸಲ ಕೇಳಿದ್ದೆವು! ಕೊಡಿಸಿರಲಿಲ್ಲ. ಅಳಿಸಿದರೆ ಎಲ್ಲವೂ ಹೋದಂತೆಯೇ.

“ಮತ್ತ ನಾಕಾದಾಗ ನಿಂತ ಲಾರಿ? ಅದರಾಗ ಗಬ್ಬದ ಕುರಿ ಅವ ರೀ.”

“ಒಂದ್ ಸೂಜಿ ಹೆಚ್ಚಾದ್ರ ಕುರಿ ಸಾಯ್ತಾವೇನೋ?”

ಸತ್ತ ಇಲಿಯ ವಾಸನೆ ಮೂಗಿಗೆ ಬಡಿದಂತಾಯಿತು. “ಹಳೇ ಪಾಸ್‌ವರ್ಡ್ ಹಾಕಿದ್ರ ಈಗಿಂದೀಗ ನಡೀತದರಿ. ಅಳಸೂದು ಯಾಕ?”

“ಅಮಾಸಿದು ನನ್ನ ಜಾಗಾದಾಗ ಇರಬಾರದು. ಒಂಬತ್ತನೇತ್ತಿಗೇ ಸಾಲಿ ಬಿಟ್ಟಾಂವ ನೀ, ನನಗ ಕಲಸ್ಲತಿ ಏನು? ಅಳಸು ಅಂದ್ರ ಅಳಸು.”

“ನಾ ಅಳಸಂಗಿಲ್ಲ. ನಿಮಗ ಬರ್ತಿದ್ರ ನೀವೇ ಅಳಸ್ರಿ.”

ಅವನಿಗೆ ಬರುತ್ತಿರಲಿಲ್ಲ. ಹಳೆಯ ಪಾಸ್‌ವರ್ಡ್ ನನಗೂ ಗೊತ್ತಿರಲಿಲ್ಲ. ಭಾನುವಾರ ಪಾಸ್‌ವರ್ಡ್ ಒತ್ತಿದ್ದು ಉಮಾಶ್ರೀ. ಅವಳ ಕಡೆ ತಿರುಗಿದೆ. “ಹಳೇದು ಏನಿತ್ತು ಹೇಳ್ರಿ.”

“ಹೇಳಿದ್ರ ನಾಳಿಂದ ಕೆಲಸಕ್ಕ ಬರಬ್ಯಾಡ,” ಅಂದ ಓಂಪ್ರಕಾಶ.

ಉಮಾಶ್ರೀ ಅವನನ್ನು ಒಂದು ಗಳಿಗೆ ನೋಡಿದಳು. “ಹೇಳಂಗಿಲ್ರಿ ಮಾಲಕ್ರ,” ಅಂದಳು. ಅಂದವಳೇ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು ತಾನೇ ಒತ್ತಿದಳು.

ಡಬ್ಬಿಗಳು ಒಂದೊಂದೇ ಬಿದ್ದವು, ಒಂದೊಂದೇ ಎದ್ದವು. ಮೊದಲನೆಯದಕ್ಕೆ ಸಂಪರ್ಕ ಸಿಕ್ಕಿತು. ನಂತರ ಉಳಿದವಕ್ಕೂ ಸಿಕ್ಕಿತು. ಆ ದರಿದ್ರ ಸಾಲು ಬರುವುದು ನಿಂತಿತು.

ಕಾಕಾನಿಗೆ ಫೋನು ಹಚ್ಚಿ ಸ್ಪೀಕರ್ ಮೇಲಿಟ್ಟೆ. ಕುರಿಗಳ ಅರಚಾಟ, ನಡುವೆ ಗಂಗುಬಾಯಿ ಯಾರಿಗೋ ಹಾಕುತ್ತಿದ್ದ ಬೈಗುಳ.

“ಬಂತೋ ಅಮೋಲ್, ಹಸರು ಗುರುತು ಬಂತು! ಮುಂದಿನ ಟಗರಿಗಿ ಆಗಲೇ ಚುಚ್ಚ್ಯಾರ. ಗಬ್ಬದವು ಉಳದ್ವು. ಏ, ಎದ್ದೇಳ ಬಾಗಲದಾಗಿಂದ, ಬಿಟ್ರು!” ಆಮೇಲೆ ದನಿ ಬಿಗಿಯಾಯಿತು. “ಖರೆ ಹೇಳು, ಏನಾಗಿತ್ತು?”

ಓಂಪ್ರಕಾಶ ಬಾಗಿ ಬೆಲ್ಲದಂಥ ದನಿ ತೆಗೆದ. “ನೆಟ್‌ವರ್ಕ್ ಕೆಟ್ಟಿತ್ತರಿ ಕಾಕಾ. ಭಾಲ್ಕಿ ಲೈನ್.”

“ಸುಳ್ಳರಿ,” ಎಂದೆ. “ಇವ್ರು ಅಮಾಸಿಗಿ ಅಂಜಿ ಪಾಸ್‌ವರ್ಡ್ ಬದಲಿ ಮಾಡಿಸಿದ್ರು. ಈಗ ನಿಮ್ಮ ದಾಖಲೆ ಪೂರಾ ಅಳಸು ಅಂತ ನಿಂತಿದ್ರು.”

ಕುರಿಗಳ ಸದ್ದಿನ ಮೇಲೆ ಕಾಕಾ ದನಿ ಎತ್ತಿದ: “ಮಾಲಕ್ರ, ನನ್ನ ಹಿಂಡಿನಾಗ ಎಷ್ಟೋ ಮರಿ ಅಮಾಸಿ ದಿನಾನೇ ಬಿದ್ದಾವು. ಏನ್ ಮಾಡ್ಲಿ ಹೇಳ್ರಿ? ಒಳಗ ನೂಕಿ ಮರುದಿನ ತಗೀಲೇನು?”

ಓಂಪ್ರಕಾಶ ನನ್ನ ಫೋನು ಕಸಿದುಕೊಂಡು ಬಂದ್ ಮಾಡಿದ.