ಹುಲಿಯಪ್ಪ ಮಾವನ ವಾಚು

ಹೇಮಶ್ರೀಗೆ ಹಳೇ ಚಿನ್ನದ ಕೈಗಡಿಯಾರಗಳ ಹುಚ್ಚು. ರೊಟ್ಟಿ ಹಂಚಿನಷ್ಟು ಅಗಲದ ಈಗಿನ ವಾಚುಗಳನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಕೀಲಿ ಕೊಟ್ಟು ನಡೆಸುವ, ತೆಳ್ಳಗಿನ, ಯಾರೂ ಕಣ್ಣೆತ್ತಿ ನೋಡದ ಹಳೆಯವೇ ಆಗಬೇಕು. ಮೊಬೈಲಿನಲ್ಲಿ ಅವುಗಳ ಚಿತ್ರ ನೋಡುತ್ತಾ ಗೋಪಾಳ ಬಡಾವಣೆಯ ಮನೆಯಲ್ಲಿ ಅವಳು ಹಾಲು ಉಕ್ಕಿಸಿದ್ದಕ್ಕೆ ಲೆಕ್ಕವಿಲ್ಲ.

ಅಂಥದ್ದೊಂದು ಭದ್ರಾವತಿಯಲ್ಲಿ, ತೀರಿಹೋದ ಸೋದರಮಾವ ಹುಲಿಯಪ್ಪನ ಪೆಟ್ಟಿಗೆಯಲ್ಲಿತ್ತು. ಮಾವ ಕೆಲಸಕ್ಕಿದ್ದ ಕಾರ್ಖಾನೆಗೆ ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ಊರಿಗೆ ಮರಳುವಾಗ ಕೊಟ್ಟುಹೋದದ್ದು. ಹೆಂಗಸರ ವಾಚು ಎಂದು ಗೆಳೆಯರು ಆಡಿಕೊಂಡದ್ದರಿಂದ ಮಾವ ಅದನ್ನು ಕಟ್ಟಿಕೊಂಡದ್ದೇ ಕಡಿಮೆ. ಯುಗಾದಿಗೆ ಹೋದಾಗ ಹೇಮಶ್ರೀ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಾಯ್ತುಂಬ ಹೊಗಳಿದ್ದಳು. ಕೆನೆಬಣ್ಣದ ಮುಖ, ಕೂದಲೆಳೆಯಂಥ ಮುಳ್ಳು, ಕಿವಿಗಿಟ್ಟರೆ ಸಣ್ಣ ಸದ್ದು. ಕೊಡಿ ಎಂದು ಕೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಮಗಳು ಅಮೂಲ್ಯಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಕರೆಯಲು ಹೊರಟಾಗ, ಈ ಸಲ ಕೇಳಿಯೇಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಕುಂಕುಮ ಕೊಟ್ಟು ಬಾಯಿ ತೆರೆಯುವಷ್ಟರಲ್ಲಿ ಮಾವನ ಹೆಂಡತಿ ಈಶ್ವರಮ್ಮತ್ತೆ ಪುಟ್ಟ ಡಬ್ಬಿಯೊಂದನ್ನು ಮುಂದೆ ಹಿಡಿದರು. ಒಳಗೆ ಹೊಳೆಯುವ ಜೋಡಿ ಓಲೆ. ಮಗುವಿನ ಮೊದಲ ಓಲೆ ಸೋದರಮಾವನ ಕಡೆಯಿಂದ ಬರಬೇಕು, ಹೇಮಶ್ರೀಗೆ ಒಡಹುಟ್ಟಿದವರಿಲ್ಲದ್ದರಿಂದ ಆ ಹೊಣೆಯನ್ನು ಅತ್ತೆಯೇ ಹೊತ್ತಿದ್ದರು.

"ನಿಮ್ ಮಾವಂದೇ ಚಿನ್ನ ಕಣೇ. ಆ ವಾಚ್ ಕರಗಿಸ್ದೆ."

ಹೇಮಶ್ರೀ ಕೈಗೆ ಸಿಕ್ಕ ಕುರ್ಚಿ ಹಿಡಿದು ಕೂತಳು. ಎಲ್ಲವನ್ನೂ ಕರಗಿಸಿದಿರಾ ಎಂದು ಕೇಳಿದ ದನಿ ಅವಳಿಗೇ ಅಪರಿಚಿತವಾಗಿತ್ತು. ಇಲ್ಲಪ್ಪ, ಒಳಗಿನ ಮಿಷನ್ನನ್ನು ಅಕ್ಕಸಾಲಿ ಆಚಾರ್ರು ವಾಪಸ್ ಕೊಟ್ಟಿದ್ದಾರೆ ಎಂದು ಅತ್ತೆ ಕಾಗದದ ಪೊಟ್ಟಣ ತಂದುಕೊಟ್ಟರು. ಅದೇ ಕೆನೆಬಣ್ಣದ ಮುಖ, ಅದೇ ಮುಳ್ಳುಗಳು, ಸುತ್ತ ಏನೂ ಇಲ್ಲ. ಕೀಲಿ ಕೊಡೋಣವೆಂದು ಬೆರಳಿನಿಂದ ತಡಕಿದಳು. ಕೀಲಿಯ ತಿರುಪೂ ಚಿನ್ನದ್ದಾಗಿತ್ತು, ಅದೂ ಕರಗಿಹೋಗಿತ್ತು.

"ವಾಚ್ ಹೇಮಂಗೆ ಕೊಡು ಅಂತ ಅವ್ರು ಹೋಗೋ ಮುಂಚೆ ಹೇಳಿದ್ರು ಮಾರಾಯ್ತಿ. ಹಳೇ ವಾಚ್ ಹಂಗೇ ಕೊಟ್ರೆ ನಿನ್ ಗಂಡನ ಮನೆಯವ್ರು ಏನಂದ್ಕೋತಾರೆ?"

ತನಗೇ ಬರಬೇಕಿದ್ದದ್ದು. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅತ್ತೆ ಮಾತ್ರ ಓಲೆ ಹಿಡಿಸಿತೋ ಇಲ್ಲವೋ ಎಂದು ಅವಳ ಮುಖವನ್ನೇ ನೋಡುತ್ತಿದ್ದರು.

"ತುಂಬಾ ಚೆನ್ನಾಗಿದೆ ಅತ್ತೆ."

ಈಶ್ವರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಆ ಮಿಷನ್ ಬಿಸಾಕು, ಮಗು ಬಾಯಿಗೆ ಹಾಕಿಕೊಂಡೀತು ಎಂದು ಕೈ ಚಾಚಿದರು. ಹೇಮಶ್ರೀ ಮುಷ್ಟಿ ಬಿಚ್ಚಲಿಲ್ಲ.