ಮುಚ್ಚಳದ ಮೇಲಿನ ನಂಬರು

ಹೊಲಿಗೆ ಮಷೀನು ರಿಪೇರಿಯ ಆ ಅಂಗಡಿಗೆ ಕಂಪ್ಯೂಟರು ತರಿಸಿದ್ದು ಕಿರಿಸೊಸೆ. ಅದಕ್ಕೆ ಮುಂಚೆ ಎಲ್ಲವೂ ಅವಳ ಭಾವನ, ಅಂದರೆ ಗಂಡನ ಅಣ್ಣನ, ನೆನಪಿನ ಮೇಲೆ ನಡೆಯುತ್ತಿತ್ತು. ಯಾರ ಮಷೀನು ಯಾವುದು ಎಂದು ಕೇಳಿದರೆ ಅವರು ತಲೆ ಕೆರೆದುಕೊಂಡು ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಡುವರು. ಆಮೇಲೆ ಬೀದಿಯೇ ನಿಂತು ನೋಡುವಂಥ ಜಗಳ.

"ಒಂದೊಂದು ಮಷೀನಿಗೂ ಒಂದೊಂದು ನಂಬರು ಭಾವ. ಯಾರದ್ದು, ಹಿಂದೆ ಏನು ಕೆಟ್ಟಿತ್ತು, ಏನು ಹಾಕಿದ್ವಿ, ನಂಬರು ಒತ್ತಿದ್ರೆ ಎಲ್ಲಾ ಬಂದುಬಿಡುತ್ತೆ" ಎಂದು ಹೇಳಿ ಹೇಳಿ ಒಪ್ಪಿಸಿದ್ದಳು. ಹಾಗೆ ಅಡುಗೆಮನೆಯಿಂದ ಎದ್ದು ಬಂದು ಕೌಂಟರಿನ ಕುರ್ಚಿಯಲ್ಲಿ ಕೂತವಳು ಅವಳು. ಓರಗಿತ್ತಿ ಪಾತ್ರೆ ಕುಕ್ಕುತ್ತಾ "ಮಹಾರಾಣಿಯೋರು ಪಟ್ಟಕ್ಕೇರಿದ್ರು, ನಾವು ಮಸಿ ಉಜ್ಜೋಣ" ಎನ್ನುತ್ತಿದ್ದಳು. ಭಾವನದು ಒಂದೇ ಮಾತು: "ಇನ್ನೊಂದು ಮಷೀನು ಅದಲುಬದಲಾಗ್ಲಿ, ಆ ಡಬ್ಬಿ ಗುಜರಿಗೆ, ನೀನು ಒಲೆ ಮುಂದಕ್ಕೆ."

ನಂಬರಿನ ಚೀಟಿಯನ್ನು ಅವಳು ಮಷೀನಿನ ಮೈಗೆ ಅಂಟಿಸಲಿಲ್ಲ. ಮೈಗೆ ಎಣ್ಣೆ ಜಿಡ್ಡು, ಅಂಟಿಸಿದ್ದು ಮಧ್ಯಾಹ್ನಕ್ಕೇ ಉದುರುತ್ತಿತ್ತು. ಹಾಗಾಗಿ ಪ್ಲಾಸ್ಟಿಕ್ ಮುಚ್ಚಳಕ್ಕೆ ಅಂಟಿಸಿದಳು. ಒಳಗೆ ಕೂತು ರಿಪೇರಿ ಮಾಡುವ ಗಂಡ, ಮುಚ್ಚಳಗಳನ್ನೆಲ್ಲ ಒಟ್ಟಿಗೆ ತೊಳೆದು ಹಿತ್ತಿಲ ಗೋಡೆಯ ಮೇಲೆ ಒಣಹಾಕುವ ಆಸಾಮಿ. ಒಂದು ದಿನ ಒಂದೇ ಥರದ ಎರಡು ನೀಲಿ ಮಷೀನುಗಳು ಬಂದವು. ಆಮೇಲೇನಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

"ಇದು ನಂದಲ್ಲಮ್ಮ" ಎಂದು ಮಷೀನನ್ನು ಕೌಂಟರಿನ ಮೇಲಿಟ್ಟವಳು ಚೀಲದಕ್ಕ. ದಪ್ಪ ಕ್ಯಾನ್ವಾಸಿನ ಕೈಚೀಲ ಹೊಲಿದು ಅಂಗಡಿಗಳಿಗೆ ಹಾಕಿ ಎರಡು ಮಕ್ಕಳನ್ನು ಸಾಕುವವಳು. ಒಂಟಿ ಹೆಂಗಸು.

ಕಿರಿಸೊಸೆ ಮುಚ್ಚಳದ ನಂಬರು ಒತ್ತಿದಳು. "ನೋಡ್ರಿ, ನಿಮ್ಮ ಹೆಸರೇ ಇದೆ."

"ಮುಚ್ಚಳ ನಂದೇ. ಅದರ ಕೆಳಗಿರೋದು ಬೇರೆ ಯಾರದ್ದೋ. ನಂದು ನಾಲ್ಕು ಮಡಿಕೆ ಕ್ಯಾನ್ವಾಸು ಬೆಣ್ಣೆ ಥರ ಹೊಲೀತಿತ್ತು. ಇದು ಎರಡಕ್ಕೇ ಗೊರಗೊರ ಅಂತ ನಿಂತೋಗುತ್ತೆ."

ಗಂಡ ಮಷೀನನ್ನು ಒಳಗೆ ಒಯ್ದು ಬಿಚ್ಚಿದ. ಬೆನ್ನಿಗೇ ಹೋದ ಹೆಂಡತಿಗೆ ಪಿಸುಗುಟ್ಟಿದ. "ಆಯಮ್ಮನದು ಹಳೇದು ಕಣೇ, ಒಳಗೆಲ್ಲ ಕಬ್ಬಿಣದ ಹಲ್ಲುಚಕ್ರ. ಇದರಲ್ಲಿರೋದು ಪ್ಲಾಸ್ಟಿಕ್ಕು. ಮುಚ್ಚಳ ಹಾಕೋವಾಗ ನಾನೇ ಎಡವಟ್ಟು ಮಾಡಿದೀನಿ. ಇನ್ನೊಂದು ಆ ದೊಡ್ಡ ಮನೆ ಅಮ್ಮಾವ್ರಿಗೆ ಹೋಗಿದೆ, ಕಿಟಕಿ ಪರದೆ ಹೊಲೀತಾರಲ್ಲ, ಅವರಿಗೆ. ತರಿಸಿದ್ರೆ ಮುಗೀತು."

"ತರೋರು ಯಾರು? ಅಂಗಡಿ ವ್ಯಾನು ಓಡ್ಸೋದು ನಿಮ್ಮಣ್ಣ. ಯಾಕೆ ಅಂತ ಕೇಳಿದ್ರೆ ಏನಂತೀರಿ?"

ಗಂಡ ಬಿಚ್ಚಿದ ತಿರುಪುಗಳನ್ನು ಮತ್ತೆ ಬಿಗಿಯತೊಡಗಿದ. ಅಣ್ಣನ ಮುಂದೆ ಅವನು ಎಂದೂ ನೆಟ್ಟಗೆ ನಿಂತವನಲ್ಲ.

"ಬಿಟ್ಟು ಹೋಗಿ, ನಾಳೆ ಬನ್ನಿ" ಎಂದು ಕಿರಿಸೊಸೆ ಚೀಲದಕ್ಕನನ್ನು ಸಾಗಹಾಕಿದಳು. ಇಷ್ಟರಲ್ಲೇ ನಿಂತಿದ್ದರೆ ಹೆದರಿಕೆಗೆ ಮಾಡಿದಳು, ಪಾಪ, ಎನ್ನಬಹುದಿತ್ತು. ಸಂಜೆ ಫೋನು ಬಂತು. ಆ ದೊಡ್ಡ ಮನೆಯ ಅಮ್ಮನೇ.

"ಯಾಕೋ ಈ ಮಷೀನು ನಮ್ಮದಲ್ಲ ಅನ್ಸುತ್ತಮ್ಮ. ಎತ್ತಿದ್ರೆ ಭಾರ, ಸದ್ದೂ ಬೇರೆ. ಬೇರೆಯವರ ವಸ್ತು ನಮಗ್ಯಾಕೆ, ಪಾಪ ಅವರು ಹುಡುಕ್ತಿರಬಹುದು. ನಮ್ಮ ಡ್ರೈವರ್ ಕೈಲಿ ಈಗಲೇ ಕಳಿಸ್ಲಾ?"

ದೇವರೇ ಬಾಗಿಲಿಗೆ ಬಂದು ನಿಂತ ಹಾಗಿತ್ತು. ಹೂಂ ಎಂದರೆ ಸಾಕು, ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯುತ್ತಿತ್ತು. ಆದರೆ ಭಾವ ಪಕ್ಕದಲ್ಲೇ ನಿಂತು ವ್ಯಾನಿನ ಹಗ್ಗ ಸುತ್ತುತ್ತಿದ್ದರು. "ಯಾರದು?" ಎಂದರು.

"ಥ್ಯಾಂಕ್ಸ್ ಹೇಳೋಕೆ ಮಾಡಿದಾರೆ ಭಾವ" ಎಂದು ಫೋನಿಗೆ ಅಂಗೈ ಅಡ್ಡ ಹಿಡಿದು ಹೇಳಿದವಳೇ, ಅತ್ತ ತಿರುಗಿ ಮೆಲ್ಲಗೆ ನಗುತ್ತಾ ಫೋನಿನಲ್ಲಿ ಅಂದಳು: "ನಿಮ್ಮದೇ ಅಮ್ಮಾವ್ರೇ, ನಂಬರು ಇಲ್ಲೇ ಕಾಣ್ತಿದೆ. ಹೊಸ ಎಣ್ಣೆ ಕುಡಿದಿರುತ್ತಲ್ಲ, ಶುರುವಿನಲ್ಲಿ ಹಾಗೇ ಅನ್ಸುತ್ತೆ. ಆರಾಮಾಗಿ ಹೊಲೀರಿ."

ಫೋನಿಟ್ಟ ಮೇಲೆ ಭಾವ ಹೊರಗೆ ಹೋಗುವ ತನಕ ಕಾದಳು. ಚೀಲದಕ್ಕನ ಮಷೀನಿನ ಪುಟ ತೆಗೆದು ಹಳೆಯ ರಿಪೇರಿಯ ಕೆಳಗೆ ಹೊಸದೊಂದು ಸಾಲು ಬರೆದಳು: ಕಬ್ಬಿಣದ ಚಕ್ರ ಸವೆದಿತ್ತು, ಗ್ರಾಹಕರ ಒಪ್ಪಿಗೆ ಪಡೆದು ಪ್ಲಾಸ್ಟಿಕ್ ಚಕ್ರ ಹಾಕಲಾಗಿದೆ.

ಮರುದಿನ ಚೀಲದಕ್ಕ ಕ್ಯಾನ್ವಾಸಿನ ತುಂಡು ಹಿಡಿದೇ ಬಂದಳು. ಎಲ್ಲರೆದುರಿಗೆ ಹೊಲಿದು ತೋರಿಸಿದಳು. ಮೂರನೆಯ ಮಡಿಕೆಗೆ ಸೂಜಿ ಟಪ್ ಎಂದು ಮುರಿಯಿತು.

"ಏನು ಗಲಾಟೆ?" ಎಂದು ಭಾವ ಬಂದರು.

ಕಿರಿಸೊಸೆ ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. ಅವರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಚಕ್ರ ಬದಲಾಯಿಸಿದ್ದಕ್ಕೆ ನೀನೇ ಒಪ್ಪಿದೀಯಲ್ಲಮ್ಮ."

"ನಾನಾ? ನನ್ನನ್ನ ಯಾರು ಕೇಳಿದ್ರು?"

"ಮರೆತಿದೀರಿ" ಎಂದಳು ಕಿರಿಸೊಸೆ, ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ. "ಮಕ್ಕಳ ತಾಪತ್ರಯದಲ್ಲಿ ನಮಗೂ ಹೀಗೇ ಮರೆತುಹೋಗುತ್ತೆ."

ಚೀಲದಕ್ಕ ಒಳಗಿದ್ದ ಗಂಡನ ಕಡೆ ನೋಡಿದಳು. "ನೀವು ಬಿಚ್ಚಿ ನೋಡಿದ್ರಲ್ಲಣ್ಣ. ನೀವಾದ್ರೂ ಹೇಳಿ."

ಅವನು ಕೈಯಲ್ಲಿದ್ದ ದಾರ ಸುತ್ತುವ ಬಾಬಿನ್ನನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹೋದ ಸಲವೂ ಇವಳು ಹಿಂಗೇ ತಗಾದೆ ತೆಗೆದಿದ್ಲಾ?" ಎಂದರು ಭಾವ.

ಹೋದ ಸಲ ತಗಾದೆ ಎಂಬುದೇ ಇರಲಿಲ್ಲ. ಆದರೂ ಕಿರಿಸೊಸೆ ತಡವರಿಸದೆ, "ಒಬ್ಬೊಬ್ಬರ ಸ್ವಭಾವ ಭಾವ" ಎನ್ನುತ್ತಾ ರಸೀದಿಯ ಹಾಳೆಯನ್ನು ಚೀಲದಕ್ಕನ ಮುಂದೆ ಸರಿಸಿದಳು.

ಚೀಲದಕ್ಕ ಅಳಲಿಲ್ಲ, ಶಪಿಸಲೂ ಇಲ್ಲ. ಮನೆಯಲ್ಲಿ ಕತ್ತರಿಸಿಟ್ಟ ಬಟ್ಟೆ ರಾಶಿ ಬಿದ್ದಿತ್ತು, ಚೀಲ ಕೇಳಿದ ಅಂಗಡಿಯವನು ಆಗಲೇ ಬೇರೆಯವರನ್ನು ನೋಡುತ್ತಿದ್ದ. ಬರಿಗೈಲಿ ಹೋಗುವುದಕ್ಕಿಂತ ಇದೇ ವಾಸಿ ಎನಿಸಿರಬೇಕು.

"ಎಲ್ಲಿ ಸೈನು ಹಾಕ್ಬೇಕು?" ಎಂದಳು.

"ನನ್ನ ಮಷೀನು ನನಗೆ ಸರಿಯಾಗಿ ಸೇರಿದೆ" ಎಂಬ ಸಾಲಿನ ಕೆಳಗೆ ಕಿರಿಸೊಸೆ ಬೆರಳಿಟ್ಟು ತೋರಿಸಿದಳು. ಚೀಲದಕ್ಕ ಸೈನು ಹಾಕಿದಳು.

"ಇದರಲ್ಲಿ ನಾನು ಏನು ಹೊಲೀಲಿ ಅಂತ ಅದಾದ್ರೂ ಹೇಳಮ್ಮ."

"ತೆಳು ಬಟ್ಟೆ ಹೊಲೀರಿ. ದಿಂಬಿನ ಕವರು, ಕರವಸ್ತ್ರ."

"ಅದನ್ನ ನನ್ನ ಹತ್ರ ಯಾರು ಕೊಂಡ್ಕೋತಾರೆ?"

"ಅದು ನಮ್ಮ ಕಂಪ್ಯೂಟರಿನಲ್ಲಿ ಇಲ್ಲವಲ್ಲ ಅಕ್ಕ."

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುವೆಯಾಗಿ ಬಂದಾಗಿನಿಂದ ಅವಳ ಮಾತಿಗೆ ಅವರು ನಕ್ಕದ್ದು ಅದೇ ಮೊದಲು. ಚೀಲದಕ್ಕ ಮಷೀನನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಇಳಿಯುತ್ತಿದ್ದಾಗ, ಇನ್ನೂ ಏನಾದರೂ ಹೇಳಿ ಅವರನ್ನು ಇನ್ನೊಮ್ಮೆ ನಗಿಸಬಹುದೇ ಎಂದು ಕಿರಿಸೊಸೆ ಯೋಚಿಸುತ್ತಿದ್ದಳು.